ಅಂಜದೀವಿನಲ್ಲಿ ತಂಗಿದ ಕಪ್ತಾನ: ವಾಸ್ಕೋ ಡ ಗಾಮನ ಮೂರು ಯಾನಗಳು

1498ರ ಮೇ 20, ಕಲ್ಲಿಕೋಟೆಯ ಹತ್ತಿರದ ಕಾಪ್ಪಾಡ್. ವಾಸ್ಕೋ ಡ ಗಾಮನ ಬಗ್ಗೆ ಶಾಲೆಯ ಮಕ್ಕಳಿಗೆ ಗೊತ್ತಿರುವುದು ಸಾಮಾನ್ಯವಾಗಿ ಇಷ್ಟೇ. ಪರೀಕ್ಷೆಯಲ್ಲಿ ಒಂದು ಅಂಕ ಬರುತ್ತದೆ, ಅಲ್ಲಿಗೆ ಆತನ ಕಥೆ ಮುಗಿಯುತ್ತದೆ. ಆದರೆ ಆತ ಹಿಂತಿರುಗುವಾಗ ನಮ್ಮ ಕನ್ನಡ ಕರಾವಳಿಯಲ್ಲಿ ಮೂರು ವಾರಗಳಷ್ಟು ಕಾಲ ಕಳೆದ ಸಂಗತಿ, ನಾಲ್ಕು ವರ್ಷಗಳ ಬಳಿಕ ಮತ್ತೆ ಬಂದು ಭಟ್ಕಳದ ಎದುರು ಫಿರಂಗಿ ಹೂಡಿದ ಸಂಗತಿ ನಮ್ಮ ಜನರಲ್ಲಿ ಅನೇಕರಿಗೆ ತಿಳಿದಿಲ್ಲ. ಆತನನ್ನು ಒಬ್ಬರು ವೀರನೆಂದು ಹೊಗಳುತ್ತಾರೆ, ಇನ್ನೊಬ್ಬರು ದರೋಡೆಕೋರನೆಂದು ಬೈಯುತ್ತಾರೆ. ಕ್ರೈಸ್ತರಾದ ನಮ್ಮನ್ನು ಕೆಲವರು ಆತನ ಹಡಗಿನಲ್ಲೇ ಇಳಿದು ಬಂದವರಂತೆ ನೋಡುವುದೂ ಉಂಟು. ಹಾಗಾಗಿ ಆತನ ಜೀವನವನ್ನು ಇದ್ದದ್ದು ಇದ್ದ ಹಾಗೆ ತಿಳಿದುಕೊಳ್ಳುವುದು ನಮಗೆ ಅಗತ್ಯ.

ವಾಸ್ಕೋ ಹುಟ್ಟಿದ್ದು ಪೋರ್ಚುಗಲ್ ದೇಶದ ನೈಋತ್ಯ ಕರಾವಳಿಯ ಸಿನೆಸ್ ಎಂಬ ಸಣ್ಣ ಬಂದರಿನಲ್ಲಿ. ಹುಟ್ಟಿದ ವರ್ಷ 1460 ಎಂದು ಕೆಲವರು, 1469 ಎಂದು ಕೆಲವರು ಹೇಳುತ್ತಾರೆ. ತಂದೆ ಎಸ್ತೆವಾವ್ ಡ ಗಾಮ ಆ ಊರಿನ ಕೋಟೆಯ ಅಧಿಕಾರಿ, ತಾಯಿ ಇಸಾಬೆಲ್ ಸೊದ್ರೆ. ಮೀನುಗಾರರ ಊರಿನಲ್ಲಿ ಬೆಳೆದ ಹುಡುಗನಿಗೆ ಕಡಲು ಹೊಸದಲ್ಲ. ಆ ಕಾಲದಲ್ಲಿ ಪೋರ್ಚುಗಲ್ ಆಫ್ರಿಕಾದ ಪಶ್ಚಿಮ ಕರಾವಳಿಯುದ್ದಕ್ಕೂ ಒಂದೊಂದೇ ಹೆಜ್ಜೆ ಇಡುತ್ತಾ ದಕ್ಷಿಣಕ್ಕೆ ಸಾಗುತ್ತಿತ್ತು. 1488ರಲ್ಲಿ ಬಾರ್ತೊಲೊಮೆವ್ ದಿಯಾಸ್ ಆಫ್ರಿಕಾದ ತುದಿಯನ್ನು ಸುತ್ತಿ ಹೋಗಿ ಬಂದ. ಪೂರ್ವದ ಕಡಲಿಗೆ ದಾರಿ ಇದೆ ಎಂಬುದು ಖಚಿತವಾಯಿತು. ಹೋಗಲು ಹತ್ತು ವರ್ಷ ತಡವಾಯಿತು ಅಷ್ಟೇ. 1495ರಲ್ಲಿ ಪಟ್ಟಕ್ಕೆ ಬಂದ ದೊರೆ ಮನುವೆಲ್ ಈ ಯಾನಕ್ಕೆ ಕಪ್ತಾನನಾಗಿ ಆರಿಸಿದ್ದು ಅನುಭವಿ ದಿಯಾಸನನ್ನಲ್ಲ, ಅಷ್ಟೇನೂ ಹೆಸರಿಲ್ಲದ ವಾಸ್ಕೋನನ್ನು. ಪಾಪ, ದಿಯಾಸ್ 1500ರಲ್ಲಿ ಕಬ್ರಾಲನ ನೌಕಾಪಡೆಯೊಂದಿಗೆ ಹೊರಟಾಗ ತಾನೇ ಕಂಡುಹಿಡಿದ ಆ ಭೂಶಿರದ ಬಳಿ ಬಿರುಗಾಳಿಗೆ ಸಿಕ್ಕಿ ಮುಳುಗಿಹೋದ.

1497ರ ಜುಲೈ 8ರಂದು ನಾಲ್ಕು ಹಡಗುಗಳು ಲಿಸ್ಬನ್ ಬಿಟ್ಟವು. ಸಾವ್ ಗಾಬ್ರಿಯೆಲ್ ಹಡಗಿನಲ್ಲಿ ವಾಸ್ಕೋ, ಸಾವ್ ರಾಫಾಯೆಲ್ ಹಡಗಿನಲ್ಲಿ ಅಣ್ಣ ಪಾವ್ಲೊ, ಬೆರ್ರಿಯೊ ಎಂಬ ಸಣ್ಣ ಹಡಗಿನಲ್ಲಿ ನಿಕೊಲಾವ್ ಕೊಯೆಲ್ಯೊ. ನಾಲ್ಕನೆಯದು ದಿನಸಿ ಸಾಮಾನು ತುಂಬಿದ ಹಡಗು. ಒಟ್ಟು ಸುಮಾರು 170 ಮಂದಿ. ಹೊರಡುವ ಹಿಂದಿನ ರಾತ್ರಿ ನದೀತೀರದ ಮಾತೆ ಮರಿಯಮ್ಮನವರ ಪುಟ್ಟ ಪ್ರಾರ್ಥನಾಲಯದಲ್ಲಿ ಜಾಗರಣೆ ನಡೆಯಿತು. ಕರಾವಳಿ ಬಿಡದೆ ಸಾಗಿದರೆ ಎದುರುಗಾಳಿ ಎಂದು ತಿಳಿದಿದ್ದ ಅವರು ಕೇಪ್ ವರ್ಡ್ ದ್ವೀಪಗಳನ್ನು ದಾಟಿದ ಮೇಲೆ ಅಟ್ಲಾಂಟಿಕ್ ಸಾಗರದ ನಡುವಿಗೆ ದೊಡ್ಡ ಬಳಸು ಹಾಕಿದರು. ಆಗಸ್ಟ್ ಆರಂಭದಿಂದ ನವೆಂಬರ್ 4ರ ತನಕ, ಸರಿಯಾಗಿ ಮೂರು ತಿಂಗಳು, ಅವರ ಕಣ್ಣಿಗೆ ನೆಲ ಬೀಳಲಿಲ್ಲ. ಕೊಲಂಬಸ್ 1492ರಲ್ಲಿ ಕೆನರಿ ದ್ವೀಪಗಳಿಂದ ಹೊರಟು ನೆಲ ಕಂಡದ್ದು ಸುಮಾರು ಐದು ವಾರಗಳಲ್ಲಿ ಎಂಬುದನ್ನು ನೆನೆದರೆ ಇದರ ಗಾತ್ರ ಅರ್ಥವಾದೀತು. ನನ್ನ ಮಟ್ಟಿಗೆ ಈ ಯಾನದ ನಿಜವಾದ ಸಾಹಸ ಇದೇ. ಕಲ್ಲಿಕೋಟೆಗೆ ಬರುವ ದಾರಿಯ ಕೊನೆಯ ಭಾಗ ಇತರರಿಗೆ ಶತಮಾನಗಳಿಂದ ಗೊತ್ತಿದ್ದದ್ದೇ.

ನವೆಂಬರ್ 22ರಂದು ಭೂಶಿರ ಸುತ್ತಿ, ದಿನಸಿಯ ಹಡಗನ್ನು ದಾರಿಯಲ್ಲಿ ಕಳಚಿಹಾಕಿ, ಕ್ರಿಸ್ಮಸ್ ಹೊತ್ತಿಗೆ ದಾಟಿದ ಕರಾವಳಿಗೆ ನತಾಲ್ ಎಂದು ಹೆಸರಿಟ್ಟು, ಮೊಜಾಂಬಿಕ್, ಮೊಂಬಾಸಾಗಳಲ್ಲಿ ಜಗಳವಾಡಿಕೊಂಡು 1498ರ ಏಪ್ರಿಲ್‌ನಲ್ಲಿ ಮಾಲಿಂದಿ ತಲುಪಿದರು. ಅಲ್ಲಿನ ಅರಸ ಒಳ್ಳೆಯವನಾಗಿದ್ದ. ದಾರಿ ತೋರಿಸಲು ಒಬ್ಬ ಚುಕ್ಕಾಣಿಗಾರನನ್ನು ಕೊಟ್ಟ. ಈತ ಪ್ರಸಿದ್ಧ ಅರಬ್ ನಾವಿಕ ಇಬ್ನ್ ಮಾಜಿದ್ ಎಂಬ ಕಥೆ ಬಹಳ ಕಾಲ ನಡೆಯಿತು. ಈಗಿನ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಗುಜರಾತಿನವನಿರಬೇಕು ಎನ್ನುವವರೇ ಹೆಚ್ಚು. ಏಪ್ರಿಲ್ 24ರಂದು ಹೊರಟ ಹಡಗುಗಳು ಮುಂಗಾರಿನ ಮೊದಲ ಗಾಳಿ ಹಿಡಿದು 23 ದಿನಗಳಲ್ಲಿ ಮಲಬಾರಿನ ಬೆಟ್ಟಗಳನ್ನು ಕಂಡವು.

ಕಲ್ಲಿಕೋಟೆಯಲ್ಲಿ ನಡೆದದ್ದು ಸ್ವಲ್ಪ ನಗು ತರಿಸುವಂಥದ್ದು. ದಡಕ್ಕೆ ಮೊದಲು ಕಳುಹಿಸಿದ್ದು ಒಬ್ಬ ಶಿಕ್ಷೆಗೊಳಗಾದ ಕೈದಿಯನ್ನು. ಅವನಿಗೆ ಅಲ್ಲಿ ಸಿಕ್ಕಿದವರು ಸ್ಪೇನಿನ ಭಾಷೆ ಬಲ್ಲ ಇಬ್ಬರು ಟ್ಯುನಿಸ್ ಮುಸ್ಲಿಮರು! ನೀವೇಕೆ ಇಲ್ಲಿಗೆ ಬಂದಿರಿ ಎಂದು ಅವರು ಬೆರಗಾಗಿ ಕೇಳಿದರಂತೆ. ಕ್ರೈಸ್ತರನ್ನೂ ಸಾಂಬಾರ ಪದಾರ್ಥಗಳನ್ನೂ ಹುಡುಕಿ ಬಂದಿದ್ದೇವೆ ಎಂಬುದು ಕೈದಿಯ ಉತ್ತರ. ಹುಡುಕಿದ್ದು ಸಿಕ್ಕಿತೆಂದೇ ಅವರು ಭಾವಿಸಿದರು. ಅರಮನೆಗೆ ಹೋಗುವ ದಾರಿಯಲ್ಲಿ ಒಂದು ದೇವಸ್ಥಾನವನ್ನು ಕಂಡು ಇದು ಇಗರ್ಜಿ, ಒಳಗಿರುವುದು ಮಾತೆ ಮರಿಯಮ್ಮನವರ ಪ್ರತಿಮೆ ಎಂದು ತಿಳಿದು ಮೊಣಕಾಲೂರಿ ಪ್ರಾರ್ಥಿಸಿದರು. ಜತೆಗಿದ್ದ ಒಬ್ಬನಿಗೆ ಮಾತ್ರ ಅನುಮಾನ ಬಂತೆಂದು ನಂತರದ ಚರಿತ್ರೆಕಾರರು ಬರೆದಿದ್ದಾರೆ. ಹಿಂದೂಗಳೆಲ್ಲ ಒಂದು ಬಗೆಯ ಕ್ರೈಸ್ತರು ಎಂಬ ನಂಬಿಕೆಯಲ್ಲೇ ಅವರು ಊರಿಗೆ ಮರಳಿದರು. ಸಾಮೂದಿರಿ ಅರಸನಿಗೆ ಅರ್ಪಿಸಲು ತಂದಿದ್ದದ್ದು ಪಟ್ಟೆ ಬಟ್ಟೆ, ಟೋಪಿ, ಹವಳದ ಸರ, ಕೈತೊಳೆಯುವ ಬೋಗುಣಿಗಳು, ಸಕ್ಕರೆ, ಎಣ್ಣೆ ಮತ್ತು ಜೇನು. ಬಂಗಾರದಲ್ಲಿ ವ್ಯವಹರಿಸುವ ಬಂದರಿನ ಅಧಿಕಾರಿಗಳು ಅದನ್ನು ನೋಡಿ ನಕ್ಕುಬಿಟ್ಟರು. ಮೆಕ್ಕಾದಿಂದ ಬರುವ ಬಡ ವ್ಯಾಪಾರಿಯೂ ಇದಕ್ಕಿಂತ ಹೆಚ್ಚು ಕೊಡುತ್ತಾನೆ ಎಂಬುದು ಅವರ ಅಭಿಪ್ರಾಯ. ವಾಸ್ಕೋ ಆ ಅವಮಾನವನ್ನು ಮರೆಯಲಿಲ್ಲ. ಆಗಸ್ಟ್ 29ರಂದು ಮನಸ್ತಾಪದಿಂದಲೇ ಲಂಗರು ಎತ್ತಿದ.

ಇನ್ನು ನಮ್ಮ ಊರಿನ ಕಥೆ. ಸೆಪ್ಟೆಂಬರ್ 15ರಂದು ಹಡಗುಗಳು ದಡದಿಂದ ಸ್ವಲ್ಪ ದೂರದ ಒಂದು ಸಣ್ಣ ದ್ವೀಪದ ಬಳಿ ನಿಂತವು. ದಡದಿಂದ ದೋಣಿಗಳಲ್ಲಿ ಮೀನುಗಾರರು ಮೀನು ಮಾರಲು ಬಂದರು. ಕಪ್ತಾನ ಅವರಿಗೆ ಅಂಗಿಗಳನ್ನು ಕೊಟ್ಟ. ದ್ವೀಪದಲ್ಲಿ ಒಂದು ಕಲ್ಲಿನ ಕಂಬ ನೆಟ್ಟರೆ ಆದೀತೇ ಎಂದು ಕೇಳಿದ. ಅವರು ಸಂತೋಷದಿಂದ ಒಪ್ಪಿದರು ಎಂದು ಹಡಗಿನಲ್ಲಿದ್ದವನೊಬ್ಬ ಬರೆದಿಟ್ಟ ದಿನಚರಿ ಹೇಳುತ್ತದೆ. ದೊರೆ ಕೊಟ್ಟು ಕಳುಹಿಸಿದ್ದ ಕಂಬಗಳಲ್ಲಿ ಅದಕ್ಕೆ ಸಾಂತಾ ಮರಿಯಾ ಎಂದು ಹೆಸರು. ಆ ದ್ವೀಪವನ್ನು ಮಲ್ಪೆಯೆದುರಿನ ಸೈಂಟ್ ಮೇರೀಸ್ ದ್ವೀಪವೆಂದು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ಹೆಸರು ಬಂದದ್ದೂ ಹಾಗೆಯೇ. ಆತ ನೆಟ್ಟ ಕಂಬ ಇಂದು ಅಲ್ಲಿಲ್ಲ. ಭೂಗರ್ಭದ ಬೆಂಕಿಯಿಂದ ಕೋಟ್ಯಂತರ ವರ್ಷಗಳ ಹಿಂದೆ ತಾವಾಗಿಯೇ ಎದ್ದುನಿಂತ ಕಲ್ಲಿನ ಕಂಬಗಳ ಸಾಲು ಮಾತ್ರ ಹಾಗೆಯೇ ಇದೆ. ಪ್ರವಾಸಿಗರು ನೋಡಲು ಹೋಗುವುದು ಅದನ್ನೇ.

ಅಲ್ಲಿಂದ ಉತ್ತರಕ್ಕೆ ಸಾಗಿ ಕಾರವಾರದ ಎದುರಿನ ಅಂಜದೀವಿಗೆ ಬಂದರು. ಸಿಹಿನೀರು, ಸೌದೆ, ಕಾಡಿನ ದಾಲ್ಚಿನ್ನಿ ಎಲ್ಲ ಸಿಕ್ಕಿತು. ಹಡಗನ್ನು ದಡಕ್ಕೆ ಎಳೆದು ವಾಲಿಸಿ ತಳ ಕೆರೆದು ರಿಪೇರಿ ಮಾಡಿದರು. ಒಂದು ದಿನ ನಲವತ್ತರ ಆಸುಪಾಸಿನ, ಅಚ್ಚುಕಟ್ಟಾದ ಉಡುಪಿನ ಒಬ್ಬ ವ್ಯಕ್ತಿ ಅಲ್ಲಿಗೆ ಬಂದು ವೆನಿಸ್‌ನವರ ಭಾಷೆಯಲ್ಲಿ ಮಾತಾಡುತ್ತಾ ಕಪ್ತಾನನನ್ನು ಅಪ್ಪಿಕೊಂಡ. ತಾನು ಪಶ್ಚಿಮ ದೇಶದಿಂದ ಬಂದವನು, ಒಳಮನಸ್ಸಿನಲ್ಲಿ ಕ್ರೈಸ್ತನೇ, ದೊಡ್ಡ ಕುದುರೆದಂಡು ಇರುವ ಗೋವೆಯ ಒಡೆಯನ ಸೇವೆಯಲ್ಲಿದ್ದೇನೆ ಎಂದ. ಆ ಒಡೆಯ ಬಿಜಾಪುರದ ಯೂಸುಫ್ ಆದಿಲ್ ಖಾನ್ ಎಂದೇ ಚರಿತ್ರೆಕಾರರು ಹೇಳುತ್ತಾರೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸೀಮೆ ಮುಂದೆ ಸೇರಿದ್ದು ಇದೇ ಆದಿಲಶಾಹಿ ರಾಜ್ಯಕ್ಕೆ. ಮುಧೋಳದ ಘೋರ್ಪಡೆ ಮನೆತನ ಬಿಜಾಪುರದ ಸರದಾರರಾಗಿ ಹೆಸರಾದದ್ದೂ ಆ ಕಾಲದಲ್ಲೇ. ಕೃಷ್ಣಾ, ಘಟಪ್ರಭಾ ತೀರದ ಆ ದಂಡುಗಳಿಗೆ ಬೇಕಾದ ಅರಬ್ ಕುದುರೆಗಳು ಇಳಿಯುತ್ತಿದ್ದದ್ದು ಗೋವೆಯಲ್ಲಿ, ವಿಜಯನಗರಕ್ಕೆ ಬೇಕಾದವು ಭಟ್ಕಳ, ಹೊನ್ನಾವರಗಳಲ್ಲಿ. ಆದ್ದರಿಂದ ಕಡಲಿನ ಮೇಲೆ ಹೊಸ ಹಡಗು ಕಂಡರೆ ಘಟ್ಟದ ಮೇಲಿನ ದೊರೆಗಳಿಗೆ ವಿಚಾರಿಸದೆ ಇರಲಾಗುತ್ತಿರಲಿಲ್ಲ. ಅತಿಥಿಯ ಮಾತು ಅತಿಯಾದಾಗ ಪೋರ್ಚುಗೀಸರಿಗೆ ಸಂಶಯ ಬಂತು. ಕಟ್ಟಿಹಾಕಿ ಹೊಡೆದರು. ಹಡಗುಗಳ ಬಲಾಬಲ ತಿಳಿಯಲು ಬಂದವನೆಂದು ಆತ ಒಪ್ಪಿಕೊಂಡ. ಮೂಲತಃ ಯೆಹೂದಿ, ಪೋಲೆಂಡ್ ಕಡೆಯ ಕುಟುಂಬದವನು. ಅವನನ್ನು ಪೋರ್ಚುಗಲ್‌ಗೆ ಕರೆದೊಯ್ದು ಜ್ಞಾನಸ್ನಾನ ಕೊಡಿಸಿ ಗಾಸ್ಪರ್ ಡ ಗಾಮ ಎಂದು ಹೆಸರಿಟ್ಟರು. ಮುಂದಿನ ಹಲವು ಯಾನಗಳಲ್ಲಿ ಆತನೇ ದುಭಾಷಿ. ಏಟು ತಿಂದು ಪಡೆದ ಜ್ಞಾನಸ್ನಾನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಅಕ್ಟೋಬರ್ 5ರಂದು ಅಂಜದೀವು ಬಿಟ್ಟದ್ದು ವಾಸ್ಕೋನ ದೊಡ್ಡ ತಪ್ಪು ಲೆಕ್ಕ. ನಮ್ಮ ಮೀನುಗಾರ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಗಾಲದ ನೈಋತ್ಯ ಗಾಳಿ ಆಫ್ರಿಕಾದಿಂದ ಇತ್ತ ತಳ್ಳುತ್ತದೆ. ಅತ್ತ ಹೋಗಬೇಕಾದರೆ ಈಶಾನ್ಯದ ಗಾಳಿ ನೆಲೆಗೊಳ್ಳುವವರೆಗೆ ಕಾಯಬೇಕು. ಆತ ಕಾಯಲಿಲ್ಲ. ಬರುವಾಗ 23 ದಿನ ಹಿಡಿದ ದಾರಿ ಹೋಗುವಾಗ ಮೂರು ತಿಂಗಳಿಗೆ ಮೂರೇ ದಿನ ಕಡಿಮೆ. ಗಾಳಿಯಿಲ್ಲದೆ ಹಡಗುಗಳು ನಿಂತಲ್ಲೇ ನಿಂತವು. ಸ್ಕರ್ವಿ ರೋಗ ಹಬ್ಬಿತು. ವಸಡು ಊದಿ ಹಲ್ಲು ಮುಚ್ಚಿ ಏನನ್ನೂ ತಿನ್ನಲಾಗದು, ಕಾಲು ಬಾತುಕೊಳ್ಳುವುದು, ಆಮೇಲೆ ಸಾವು. ಈ ಒಂದು ಹಾದಿಯಲ್ಲೇ 30 ಮಂದಿ ಸತ್ತರು. ಅದಕ್ಕೆ ಮೊದಲೂ ಅಷ್ಟೇ ಜನ ತೀರಿಕೊಂಡಿದ್ದರು. ಕೊನೆಗೆ ಒಂದೊಂದು ಹಡಗನ್ನು ನಡೆಸಲು ಏಳೆಂಟು ಜನ ಮಾತ್ರ ಉಳಿದರು. ಮಾಲಿಂದಿ ತಲುಪಿದಾಗ ಅವರು ಮೊದಲು ಕೇಳಿದ್ದು ಕಿತ್ತಳೆ ಹಣ್ಣನ್ನು. ಕಿತ್ತಳೆಯಲ್ಲಿ ಇರುವುದೇನು ಎಂದು ವಿಜ್ಞಾನ ಹೇಳಲು ಇನ್ನೂ ನಾಲ್ಕು ಶತಮಾನ ಬೇಕಿತ್ತು. ಆದರೆ ಅದರಿಂದ ಗುಣವಾಗುತ್ತದೆ ಎಂದು ರೋಗಿಗಳಿಗೆ ಗೊತ್ತಾಗಿತ್ತು.

ಜನ ಸಾಲದೆ ಸಾವ್ ರಾಫಾಯೆಲ್ ಹಡಗನ್ನು ಸುಟ್ಟುಹಾಕಿದರು. ಅದರ ಕಪ್ತಾನ ಪಾವ್ಲೊ ರೋಗಿಯಾಗಿದ್ದ. ಬೆರ್ರಿಯೊ ಹಡಗು 1499ರ ಜುಲೈ 10ರಂದು ಲಿಸ್ಬನ್ ಸೇರಿ ಸುದ್ದಿ ಮುಟ್ಟಿಸಿತು. ಕೀರ್ತಿ ಕಾದಿರುವಾಗ ವಾಸ್ಕೋ ಮಾತ್ರ ನೇರ ಊರಿಗೆ ಹೋಗದೆ ಅಣ್ಣನನ್ನು ಕರೆದುಕೊಂಡು ಅಜೋರ್ಸ್ ದ್ವೀಪಗಳಿಗೆ ಹೋದ. ಅಲ್ಲಿ ತೆರ್ಸೇರಾ ದ್ವೀಪದಲ್ಲಿ ಪಾವ್ಲೊ ಕಣ್ಣುಮುಚ್ಚಿದ. ಫ್ರಾನ್ಸಿಸ್ಕನ್ ಮಠದಲ್ಲಿ ಅವನನ್ನು ಮಣ್ಣುಮಾಡಿ ವಾಸ್ಕೋ ತಡವಾಗಿ ಮನೆಗೆ ಬಂದ. ಈ ಮನುಷ್ಯನ ಜೀವನದಲ್ಲಿ ಮನಸ್ಸು ಕರಗಿಸುವ ಪ್ರಸಂಗಗಳು ಕಡಿಮೆ. ಇದು ಅವುಗಳಲ್ಲೊಂದು.

ಹೋದ 170ರಲ್ಲಿ ಮರಳಿದವರು ಸುಮಾರು 55. ದೊರೆ ಮನುವೆಲ್ ಬಿರುದು, ಪಿಂಚಣಿ, ಹಿಂದೂ ಮಹಾಸಾಗರದ ಅಡ್ಮಿರಲ್ ಪಟ್ಟ ಎಲ್ಲ ಕೊಟ್ಟ. ಜಾಗರಣೆ ನಡೆದ ಪ್ರಾರ್ಥನಾಲಯದ ಜಾಗದಲ್ಲಿ ಜೆರೊನಿಮೊ ಮಠದ ಭವ್ಯ ಕಟ್ಟಡ ಎದ್ದಿತು. ಅದಕ್ಕೆ ಬೇಕಾದ ಹಣದ ಬಹುಪಾಲು ಬಂದದ್ದು ಸಾಂಬಾರ ಪದಾರ್ಥಗಳ ಮೇಲಿನ ತೆರಿಗೆಯಿಂದ. ನಮ್ಮ ಘಟ್ಟದ ಒಳ್ಳೆಮೆಣಸಿಗೆ ಅಷ್ಟು ಬೆಲೆ ಇತ್ತು. ಅದೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಸುಮ್ಮನಲ್ಲ. ಮೆಣಸು ಒಯ್ಯಲು ಬಂದವರೇ ಮುಂದೆ ಅಮೆರಿಕದ ಕಡೆಯಿಂದ ಇನ್ನೊಂದು ಖಾರವನ್ನು ಇಲ್ಲಿಗೆ ತಂದರು. ಕನ್ನಡಿಗರು ಅದಕ್ಕೆ ಮೆಣಸಿನಕಾಯಿ ಎಂದು ಹಳೆಯ ಹೆಸರನ್ನೇ ಕೊಟ್ಟರು. ಬೀಳಗಿಯ ಹೊಲದಲ್ಲಿ ಜೋಳದ ರೊಟ್ಟಿಯ ಜತೆ ಖಾರದ ಚಟ್ನಿ ತಿನ್ನುವವರು, ಬನಹಟ್ಟಿಯ ಮಗ್ಗದ ಮನೆಯಲ್ಲಿ ಬುತ್ತಿ ಬಿಚ್ಚುವವರು ಸಮುದ್ರ ನೋಡಿರಲಿ ಬಿಡಲಿ, ಅವರ ತಟ್ಟೆಗೆ ಈ ಕಡಲ ದಾರಿ ತಲುಪಿದೆ. ನಮ್ಮ ಇಗರ್ಜಿ, ಪಾದ್ರಿ, ಮೇಜು, ಚಾವಿ, ಪಗಾರ ಮುಂತಾದ ಮಾತುಗಳೂ ಅದೇ ಹಡಗುಗಳ ಸಾಮಾನು.

1500ರಲ್ಲಿ ಬಂದ ಕಬ್ರಾಲ್ ಕಲ್ಲಿಕೋಟೆಯಲ್ಲಿ ಮಳಿಗೆ ತೆರೆದ. ಅರಬ್ ವ್ಯಾಪಾರಿಗಳೊಂದಿಗೆ ಜಗಳ ಹತ್ತಿ ಡಿಸೆಂಬರ್‌ನಲ್ಲಿ ಐವತ್ತಕ್ಕೂ ಹೆಚ್ಚು ಪೋರ್ಚುಗೀಸರು ಕೊಲೆಯಾದರು. ಸತ್ತವರಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳೂ ಇದ್ದರು. ಅದರ ಸೇಡು ತೀರಿಸಲು 1502ರ ಫೆಬ್ರವರಿಯಲ್ಲಿ ಹೊರಟ ವಾಸ್ಕೋ ಹಿಂದಿನ ವಾಸ್ಕೋ ಅಲ್ಲ. ಒಟ್ಟು 20 ಹಡಗು, ತುಂಬಾ ಫಿರಂಗಿ. ಹೊನ್ನಾವರದ ಬಳಿ ಹಡಗುಗಳನ್ನು ಸುಟ್ಟ. ಭಟ್ಕಳದವರನ್ನು ಹೆದರಿಸಿ ವರ್ಷವರ್ಷವೂ ಕಪ್ಪ ಕೊಡುವಂತೆ ಮಾಡಿದ. ಕಪ್ಪ ಎಂದರೆ ಅಕ್ಕಿ. ಚರಿತ್ರೆಕಾರ ಗಾಸ್ಪರ್ ಕೊರೆಯ ಕೊಟ್ಟಿರುವ ಲೆಕ್ಕದಂತೆ ನಾವಿಕರಿಗೆ 1,000 ಹೇರು ಸಾಮಾನ್ಯ ಅಕ್ಕಿ, ಕಪ್ತಾನರಿಗೆ 500 ಹೇರು ಒಳ್ಳೆಯ ಅಕ್ಕಿ. ಜತೆಗೆ ಮೆಣಸಿನ ವ್ಯಾಪಾರ ಮಾಡಕೂಡದು, ಕಲ್ಲಿಕೋಟೆಗೆ ಹಡಗು ಕಳುಹಿಸಕೂಡದು ಎಂಬ ಕಟ್ಟಳೆ. ನಾಲ್ಕು ವರ್ಷದ ಹಿಂದೆ ಮೀನು ತಂದವರಿಗೆ ಅಂಗಿ ಕೊಟ್ಟವನು ಈಗ ಅದೇ ಕರಾವಳಿಯವರ ಅನ್ನಕ್ಕೆ ಕೈಹಾಕಿದ.

ಇದಾದ ಮೇಲೆ ನಡೆದದ್ದನ್ನು ಬರೆಯುವುದು ಕಷ್ಟ, ಆದರೆ ಬಿಟ್ಟರೆ ಅಪಚಾರ. 1502ರ ಸೆಪ್ಟೆಂಬರ್ ಕೊನೆಯಲ್ಲಿ ಕಣ್ಣಾನೂರಿನ ಉತ್ತರಕ್ಕೆ ಏಳಿಮಲೆಯ ಎದುರು ಮೆಕ್ಕಾ ಯಾತ್ರೆಯಿಂದ ಮರಳುತ್ತಿದ್ದ ಮೀರಿ ಎಂಬ ಹಡಗು ಸಿಕ್ಕಿತು. ಅದರಲ್ಲಿ ಶ್ರೀಮಂತ ವ್ಯಾಪಾರಿಗಳು, ಹೆಂಗಸರು, ಮಕ್ಕಳು ಸೇರಿ ನೂರಾರು ಮಂದಿ. ಅವರು ಹೋರಾಡಲಿಲ್ಲ. ಪ್ರಾಣ ಉಳಿಸಿದರೆ ಹಡಗುಗಳ ತುಂಬ ಮೆಣಸು ತುಂಬಿಸಿ ಕೊಡುತ್ತೇವೆ, ಕಲ್ಲಿಕೋಟೆಯೊಂದಿಗೆ ರಾಜಿ ಮಾಡಿಸುತ್ತೇವೆ ಎಂದು ಬೇಡಿದರು. ವಾಸ್ಕೋ ಸೊತ್ತನ್ನು ತೆಗೆದುಕೊಂಡ. ನಂತರ ಹಡಗಿಗೆ ಬೆಂಕಿ ಹಚ್ಚಿಸಿದ. ಬೆಂಕಿ ನಂದಿಸಲು ಅವರು ಹೆಣಗಿದರು, ಕೈಗೆ ಸಿಕ್ಕಿದ್ದರಿಂದ ಹೋರಾಡಿದರು. ಹೆಂಗಸರು ತಮ್ಮ ಚಿನ್ನವನ್ನು ಎತ್ತಿ ತೋರಿಸಿದರು, ಎಳೆಯ ಮಕ್ಕಳನ್ನು ಎತ್ತಿ ತೋರಿಸಿದರು. ಪೋರ್ಚುಗೀಸರ ಕಡೆಯಲ್ಲೇ ಇದ್ದು ಕಣ್ಣಾರೆ ಕಂಡ ತೊಮೆ ಲೊಪೆಸ್ ಎಂಬವನು ಇದನ್ನು ತಾನು ಬದುಕಿರುವವರೆಗೂ ಮರೆಯಲಾರೆ ಎಂಬ ಅರ್ಥದಲ್ಲಿ ಬರೆದಿಟ್ಟಿದ್ದಾನೆ. ಕೆಲವು ದಿನಗಳ ಕಾಲ ನಡೆದ ಈ ಘಟನೆಯ ಕೊನೆಗೆ ಹಡಗು ಜನರ ಸಮೇತ ಉರಿದು ಮುಳುಗಿತು. ಸುಮಾರು ಇಪ್ಪತ್ತು ಗಂಡುಮಕ್ಕಳನ್ನು ಮಾತ್ರ ಎತ್ತಿಕೊಂಡರು, ಲಿಸ್ಬನ್‌ನ ಆ ಮಠದಲ್ಲಿ ಸನ್ಯಾಸಿಗಳನ್ನಾಗಿ ಮಾಡುವುದಕ್ಕೆಂದು.

ಇದನ್ನು ಆ ಕಾಲದ ಯುದ್ಧಧರ್ಮ ಎಂದು ಹೇಳಿ ಮುಗಿಸುವ ಲೇಖನಗಳನ್ನು ನಾನು ಓದಿದ್ದೇನೆ. ಒಪ್ಪಲಾರೆ. ಆ ಕಾಲದವನೇ ಆದ ತೊಮೆ ಲೊಪೆಸ್‌ಗೆ ಅದು ಕ್ರೌರ್ಯವೆಂದು ಗೊತ್ತಾಗಿತ್ತು. ಹಡಗುಗಳ ಹಾಯಿಯ ಮೇಲೆ ಕ್ರಿಸ್ತನ ಸೈನ್ಯದ ಕೆಂಪು ಶಿಲುಬೆ ಇತ್ತು ಎಂಬುದು ನಮಗೆ ಇನ್ನೂ ಹೆಚ್ಚು ನೋವಿನ ವಿಷಯ. 2000ದ ಮಾರ್ಚ್ 12ರಂದು ಜಗದ್ಗುರು ಎರಡನೇ ಜಾನ್ ಪೌಲರು ರೋಮ್‌ನಲ್ಲಿ ಸತ್ಯದ ಹೆಸರಿನಲ್ಲಿ ಕ್ರೈಸ್ತರು ನಡೆಸಿದ ಹಿಂಸೆಗಾಗಿ ದೇವರ ಕ್ಷಮೆ ಬೇಡಿದಾಗ ಅದರೊಳಗೆ ಮೀರಿ ಹಡಗಿನಂತಹವೂ ಸೇರಿದ್ದವೆಂದೇ ನಾವು ತಿಳಿಯಬೇಕು. ಅದಕ್ಕೆ ಎರಡು ವರ್ಷ ಮೊದಲು, 1998ರಲ್ಲಿ, ಯಾನದ 500ನೇ ವರ್ಷವನ್ನು ಆಚರಿಸಬೇಕೆಂಬ ಮಾತು ಬಂದಾಗ ಕೇರಳ ಮತ್ತು ಗೋವಾಗಳಲ್ಲಿ ಜನ ಪ್ರತಿಭಟಿಸಿದ್ದರು.

ಮುಂದೆ ಕಲ್ಲಿಕೋಟೆಯೆದುರು ಮತ್ತೂ ಕ್ರೌರ್ಯ ನಡೆಯಿತು. ಮೀನು ಮಾರಲು ಬಂದ ಬಡಪಾಯಿಗಳನ್ನು ಹಿಡಿದು ಹಡಗಿನ ಕೊಂಬಿಗೆ ನೇತುಹಾಕಿ ಊರಿನ ಮೇಲೆ ಗುಂಡಿನ ಮಳೆ ಸುರಿಸಿದ. ಅದೇ ವರ್ಷದ ಕೊನೆಗೆ ಕೊಚ್ಚಿಯಲ್ಲಿ ಇನ್ನೊಂದು ಭೇಟಿ ಆಯಿತು. ಸಂತ ತೋಮರ ಕ್ರೈಸ್ತರ ಪ್ರತಿನಿಧಿಗಳು ಬಂದು ಬೆಳ್ಳಿ ಕಟ್ಟಿದ, ಗಂಟೆಗಳಿದ್ದ ಒಂದು ಕೆಂಪು ದಂಡವನ್ನು ಆತನಿಗೆ ಕೊಟ್ಟರು. ಅದು ಹಿಂದೆ ತಮ್ಮವರನ್ನು ಆಳಿದ ಅರಸನದ್ದು ಎಂದರು. ಮೊದಲ ಯಾನದಲ್ಲಿ ದೇವಸ್ಥಾನದಲ್ಲಿ ಹುಡುಕಿದ ಕ್ರೈಸ್ತರು ನಿಜವಾಗಿ ಸಿಕ್ಕಿದ್ದು ಈಗ. ಅವರಾದರೋ ಪೋರ್ಚುಗಲ್ ಎಂಬ ರಾಜ್ಯ ಹುಟ್ಟುವ ಎಷ್ಟೋ ಮೊದಲಿನಿಂದ ಇಲ್ಲಿ ಕ್ರಿಸ್ತನನ್ನು ಆರಾಧಿಸುತ್ತಿದ್ದರು. ವಾಸ್ಕೋನೇ ಭಾರತಕ್ಕೆ ಕ್ರೈಸ್ತಧರ್ಮ ತಂದ ಎನ್ನುವವರಿಗೆ ಈ ಒಂದು ದಂಡದ ಕಥೆ ಸಾಕು.

1503ರಲ್ಲಿ ಮರಳಿದ ವಾಸ್ಕೋ ಮುಂದಿನ ಇಪ್ಪತ್ತು ವರ್ಷ ಕಡಲಿಗೆ ಇಳಿಯಲಿಲ್ಲ. ಮಡದಿ ಕತರೀನಾ, ಆರು ಗಂಡುಮಕ್ಕಳು, ಒಬ್ಬಳು ಮಗಳು. ಹುಟ್ಟೂರು ಸಿನೆಸನ್ನು ಜಹಗೀರಾಗಿ ಪಡೆಯಬೇಕೆಂಬ ಆಸೆ ಕೈಗೂಡಲಿಲ್ಲ, ಊರನ್ನೇ ಬಿಡಬೇಕಾಯಿತು. 1519ರಲ್ಲಿ ವಿದಿಗೇರದ ಕೌಂಟ್ ಪದವಿ ದೊರೆಯಿತು. ಅಷ್ಟರಲ್ಲಿ 1510ರಲ್ಲಿ ಅಲ್ಬುಕರ್ಕ್ ಹೊನ್ನಾವರದ ತಿಮ್ಮಯ್ಯನ ನೆರವಿನಿಂದ ಬಿಜಾಪುರದವರ ಕೈಯಿಂದ ಗೋವೆಯನ್ನು ಕಿತ್ತುಕೊಂಡಿದ್ದ. ಆದಿಲಶಾಹಿಯ ಕುದುರೆಯ ಬಂದರು ಹೋಯಿತು. ಅಧಿಕಾರಿಗಳ ಲಂಚಗುಳಿತನ ಮಿತಿಮೀರಿದಾಗ ದೊರೆ ಮೂರನೇ ಜುವಾವ್ ಮುದುಕನಾಗುತ್ತಿದ್ದ ವಾಸ್ಕೋನನ್ನು ವೈಸರಾಯ್ ಮಾಡಿ 1524ರ ಏಪ್ರಿಲ್‌ನಲ್ಲಿ 14 ಹಡಗುಗಳೊಂದಿಗೆ ಕಳುಹಿಸಿದ.

ಹಡಗಿನಲ್ಲಿ ಯಾರೂ ಹೆಂಗಸರನ್ನು ಕದ್ದು ತರಬಾರದೆಂದು ಆಜ್ಞೆಯಿತ್ತು. ಮೂವರು ಹೆಂಗಸರು ಸಿಕ್ಕಿಬಿದ್ದರು. ಅವರನ್ನು ಕ್ಷಮಿಸುವಂತೆ ಗೋವೆಯಲ್ಲಿ ಸನ್ಯಾಸಿಗಳು, ಗಣ್ಯರು ಬೇಡಿದರೂ ಕೇಳದೆ ಬೀದಿಯಲ್ಲಿ ಚಾಟಿಯೇಟು ಕೊಡಿಸಿದ. ತಪ್ಪಿತಸ್ಥ ಅಧಿಕಾರಿಗಳನ್ನೂ ಬಿಡಲಿಲ್ಲ. ಆದರೆ ಆಳಲು ಸಿಕ್ಕಿದ್ದು ನಾಲ್ಕು ತಿಂಗಳೂ ಅಲ್ಲ. ಕತ್ತಿನ ಹಿಂದೆ ಗಟ್ಟಿ ಕುರುಗಳೆದ್ದು ಕೊಚ್ಚಿಯಲ್ಲಿ ಹಾಸಿಗೆ ಹಿಡಿದ. ಪಾಪನಿವೇದನೆ ಮಾಡಿ ಸಂಸ್ಕಾರಗಳನ್ನು ಪಡೆದು ಉಯಿಲು ಬರೆಸಿದ. ಗೋವೆಯಲ್ಲಿ ಹೊಡೆಸಿದ ಆ ಮೂವರು ಹೆಂಗಸರಿಗೆ ತಲಾ ಒಂದು ಲಕ್ಷ ರೆಯಿಸ್ ಕೊಡಬೇಕೆಂದು ಹೇಳಿದನೆಂದು ಕೊರೆಯ ಬರೆದಿದ್ದಾನೆ. ಆ ಹಣದಿಂದ ಅವರಿಗೆ ಮದುವೆಯಾಯಿತಂತೆ. ಮೀರಿ ಹಡಗಿನವರ ಬಗ್ಗೆ ಆ ಕಥೆಯಲ್ಲಿ ಒಂದು ಮಾತೂ ಬರುವುದಿಲ್ಲ.

1524ರ ಡಿಸೆಂಬರ್ 24, ಕ್ರಿಸ್ಮಸ್ ಜಾಗರಣೆಯ ದಿನ ಆತ ತೀರಿಕೊಂಡ. ಕೊಚ್ಚಿ ಕೋಟೆಯ ಫ್ರಾನ್ಸಿಸ್ಕನ್ನರ ಇಗರ್ಜಿಯಲ್ಲಿ ಸಮಾಧಿಯಾಯಿತು. ಸಂತ ಫ್ರಾನ್ಸಿಸ್ ಕ್ಷೇವಿಯರ್ ಅದೇ ಕಡಲ ದಾರಿಯಲ್ಲಿ ಗೋವೆಗೆ ಬಂದಿಳಿದದ್ದು 1542ರ ಮೇ 6ರಂದು, ಮಂಗಳೂರಿನಲ್ಲಿ ರೊಸಾರಿಯೊ ಇಗರ್ಜಿ ಸ್ಥಾಪನೆಯಾದದ್ದು 1568ರಲ್ಲಿ. ಆ ವೇಳೆಗಾಗಲೇ ವಾಸ್ಕೋನ ಅಸ್ಥಿಯನ್ನು ಮಕ್ಕಳು ವಿದಿಗೇರಕ್ಕೆ ಒಯ್ದಿದ್ದರು. 1880ರಲ್ಲಿ ಅದನ್ನು ಮೆರವಣಿಗೆಯಲ್ಲಿ ಜೆರೊನಿಮೊ ಮಠಕ್ಕೆ ತಂದರು. ತಂದದ್ದು ಬೇರೆ ಯಾರದೋ ಎಲುಬು ಎಂದು ತಿಳಿದು 1898ರಲ್ಲಿ ಮತ್ತೊಮ್ಮೆ ಸರಿಪಡಿಸಬೇಕಾಯಿತು. ಕೊಚ್ಚಿಯ ಆ ಇಗರ್ಜಿ ಈಗ ದಕ್ಷಿಣ ಭಾರತ ಸಭೆಗೆ ಸೇರಿದೆ. ನೆಲದ ಮೇಲಿನ ಖಾಲಿ ಸಮಾಧಿಯ ಕಲ್ಲಿಗೆ ಸುತ್ತ ಕಟಕಟೆ ಹಾಕಿದ್ದಾರೆ. ಅಂಜದೀವು ಭಾರತೀಯ ನೌಕಾಪಡೆಯ ಕಾರವಾರ ನೆಲೆಯ ಭಾಗವಾಗಿದೆ. ಆತ ನೀರು ತುಂಬಿಸಿಕೊಂಡ ದ್ವೀಪದ ಮೇಲೆ ಮುಂದೆ ಕಟ್ಟಿದ ಬ್ರೋತಾಸ್ ಮಾತೆಯ ದೇವಾಲಯಕ್ಕೆ, ಫೆಬ್ರವರಿ 2ರ ಹಬ್ಬಕ್ಕೆಂದು, ಕಾರವಾರ ಮತ್ತು ಕಾಣಕೋಣದ ಕಡೆಯ ಜನ ಒಂದು ಕಾಲದಲ್ಲಿ ದೋಣಿಗಳಲ್ಲಿ ಹೋಗುತ್ತಿದ್ದರು.